ತೊಲಗು ಎಂಬ ಗುಂಡಿ

ರವಾನೆ ಕೋಣೆ, ಎರಡನೆಯ ಮಹಡಿ,
ಕಾಲು ಮುರಿದ ಸ್ಟೂಲಿನ ಮೇಲಿಂದ.
ಸೋಮವಾರ, ಊಟದ ಬಿಡುವು.
(ಐವತ್ಮೂರನೆಯ ದಿನ. ಯಾವುದರ ಐವತ್ಮೂರು ಎಂಬುದು ಮುಂದೆ ತಿಳಿಯುತ್ತದೆ.)

ಸಮಸ್ತ ಸೀಸೆಕುಲದ ಪರಮ ಪರೀಕ್ಷಕಿಯೂ, ಕೂದಲೆಳೆ ಬಿರುಕುಗಳ ಪಾಲಿನ ಸಿಂಹಸ್ವಪ್ನವೂ, ನಾನು ಈಗ ಮೆಟ್ಟಿರುವ ಚಪ್ಪಲಿಗಳ ಮೂಲ ಒಡತಿಯೂ, ನಮ್ಮ ಮನೆಯ ಜ್ಯೇಷ್ಠ ಕುಮಾರಿಯೂ ಆದ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ರವಾನೆ ವಿಭಾಗದ ತಾತ್ಕಾಲಿಕ ಸಹಾಯಕಿಯೂ ಕಾಯಂ ತಲೆನೋವೂ ಆದ ತಂಗಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಕಣ್ಣುರಿ ಹೇಗಿದೆ? ಕಾರ್ಖಾನೆಯಲ್ಲಿ ಹಗಲೆಲ್ಲ ದೀಪದ ಮುಂದೆ ಸಾಲಾಗಿ ಬರುವ ಸೀಸೆಗಳನ್ನು ನೋಡಿ ನೋಡಿ ಕಣ್ಣು ಕೆಂಪಾಗುತ್ತದೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಗಂಟೆಗೊಮ್ಮೆ ತಣ್ಣೀರು ಹಾಕಿಕೊಳ್ಳಬೇಕೆಂದು ಅಮ್ಮನ ಅಪ್ಪಣೆ. ನನ್ನ ಸಲಹೆ ಬೇರೆ: ಗಂಟೆಗೊಂದು ಸೀಸೆ ಬೀಳಿಸು, ಗುಡಿಸುವ ನೆಪದಲ್ಲಿ ಕಣ್ಣಿಗೆ ಬಿಡುವು ಸಿಗುತ್ತದೆ. ಅಮ್ಮನ ಮಂಡಿನೋವು ಇದ್ದಲ್ಲೇ ಇದೆ. ನಾನು ಚೆನ್ನಾಗಿದ್ದೇನೆ, ಅದೇ ಎಲ್ಲರ ದೂರು. ಅಪ್ಪನ ಆರೋಗ್ಯಕ್ಕೇನೂ ಆಗಿಲ್ಲ. ಆದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಾರೆ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ. ಬೆಲ್ಲು ನಮ್ಮ ಮನೆ ದಾಟಿ ಮುಂದೆ ಹೋದ ಮೇಲೆ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ಅಮ್ಮ ಉಪ್ಪಿನ ಡಬ್ಬಿಯನ್ನು ಸುಮ್ಮನೆ ಮುಂದಕ್ಕೆ ತಳ್ಳುತ್ತಾಳೆ. ಅಪ್ಪ ಹಾಕಿಕೊಳ್ಳುವುದಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ತಂಗಿ ಪಂಡಿತೆಯಾಗಿದ್ದಾಳೆ. ‘ಸೆಂಡ್’ ಎಂಬ ಒಂದೇ ಒಂದು ಇಂಗ್ಲಿಷ್ ಪದದ ಮೇಲೆ ಎರಡು ಪುಟಕ್ಕೆ ಕಡಿಮೆಯಿಲ್ಲದ ವಿವರಣೆ ಬರೆದು ಬುಧವಾರದೊಳಗೆ ಒಪ್ಪಿಸಬೇಕೆಂದು ಆಜ್ಞೆಯಾಗಿದೆ. ಇದು ಸನ್ಮಾನವೆಂದು ತಿಳಿಯಬೇಡ, ಶಿಕ್ಷೆ. ನಮ್ಮ ಕೋಣೆಗೆ ಹೊಸ ಯಂತ್ರವೊಂದು ಬಂದಿದೆಯಲ್ಲ, ಕಾಗದವನ್ನು ನುಂಗಿ ಅದರ ಚಿತ್ರವನ್ನು ಬೇರೆ ಕಚೇರಿಗೆ ಕಕ್ಕುತ್ತದೆ. ಅದಕ್ಕೊಂದು ಹಸಿರು ಗುಂಡಿ, ಗುಂಡಿಯ ಮೇಲೆ ಇಂಗ್ಲಿಷಿನಲ್ಲಿ ಸೆಂಡ್. ಹಳಬರಿಗೆ ಅನುಕೂಲವಾಗಲೆಂದು ಕನ್ನಡದಲ್ಲೊಂದು ಚೀಟಿ ಬರೆದು ಅಂಟಿಸು ಎಂದು ಹೊಸ ಅಧಿಕಾರಿ ನನಗೆ ಹೇಳಿ, ತರಬೇತಿಗೆಂದು ಹೊರಟುಹೋದರು. (ಅವರಿಗೆ ನಾವಿಟ್ಟ ಹೆಸರು ‘ಆಯ್ತಾ ಸಾರ್’. ಪ್ರತಿ ಮಾತಿನ ಬಾಲಕ್ಕೂ ಒಂದು ‘ಆಯ್ತಾ?’ ಕಟ್ಟುತ್ತಾರೆ.) ನಾನು ಅಲ್ಮೇರಾದ ಮೇಲಿಂದ ಇಟ್ಟಿಗೆಗಿಂತ ದಪ್ಪನಾದ ನಿಘಂಟು ಇಳಿಸಿ, ಪುಟ ಹುಡುಕಿ, ಗುರುತಿಟ್ಟು, ಗಂಭೀರವಾಗಿ ಆಲೋಚಿಸಿ, ಕೊನೆಗೆ ದುಂಡಗಿನ ಅಕ್ಷರದಲ್ಲಿ ‘ತೊಲಗು’ ಎಂದು ಬರೆದು ಅಂಟಿಸಿದೆ.

ಅಕ್ಕಾ, ಆ ದಿನ ಈ ಕೋಣೆ ನಕ್ಕಂತೆ ಮೂವತ್ತು ವರ್ಷದಲ್ಲಿ ನಕ್ಕಿಲ್ಲವಂತೆ. ಚೀಲಗಳಿಗೆ ಅರಗಿನ ಮುದ್ರೆ ಒತ್ತುವ ಅರಗಣ್ಣ ನಗುವ ಭರದಲ್ಲಿ ಹೆಬ್ಬೆರಳಿಗೇ ಮುದ್ರೆ ಒತ್ತಿಕೊಂಡ. ಪಕ್ಕದ ವಿಭಾಗದವರು ಸಾಲುಗಟ್ಟಿ ಬಂದು ನೋಡಿಹೋದರು. ರವಾನೆ ಮೇಜಿನ ಹಿಂದೆ ಕೂತಿದ್ದ ಅಪ್ಪನ ಮೀಸೆ ಕೂಡ ಒಂದು ಸಲ ಅಲುಗಿತು, ನಾನೇ ಕಣ್ಣಾರೆ ಕಂಡೆ. ಆಮೇಲೆ ಚೀಟಿ ಹಾಗೇ ಉಳಿಯಿತು. ಈಗ ಇಡೀ ಕಚೇರಿಯಲ್ಲಿ ‘ಆ ಕಾಗದ ತೊಲಗಿಸಿದ್ರಾ?’ ಎಂದೇ ಕೇಳುತ್ತಾರೆ. ಮೊನ್ನೆ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದ ಹಿರಿಯ ಹೆಂಗಸು ಕನ್ನಡಕ ಸರಿಪಡಿಸಿಕೊಂಡು ಅದನ್ನು ಓದಿದರು. ಓದಿ, ಒಂದು ಸಲ ಗುಂಡಿಯನ್ನೂ ಒಂದು ಸಲ ಆಯ್ತಾ ಸಾರನ್ನೂ ನೋಡಿದರು. ಅದರ ಫಲವೇ ಈ ಎರಡು ಪುಟ.

ಶಾಸ್ತ್ರೋಕ್ತವಾಗಿ ಸಂಶೋಧನೆ ಶುರು ಮಾಡಿದೆ. ಆಯ್ತಾ ಸಾರ್ ಪ್ರಕಾರ ಗುಂಡಿ ಒತ್ತಿ ಪರದೆಯ ಮೇಲೆ ‘ಸೆಂಟ್’ ಎಂದು ಬಂದರೆ ಕಳಿಸಿದ ಹಾಗೆ, ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತು, ಆಯ್ತಾ? ಅರಗಣ್ಣನ ಪ್ರಕಾರ ಅರಗು ಆರಿದ ಮೇಲೆ. ಅಮ್ಮನ ವ್ಯಾಖ್ಯಾನವನ್ನು ನಾನು ಕೇಳಬೇಕಾಗಿಯೇ ಇರಲಿಲ್ಲ. ನೀನು ಹೊರಟ ದಿನ ನಿನ್ನ ಬಸ್ಸಿನ ಹಾದಿ ಒಂಬತ್ತು ಗಂಟೆಯದ್ದು ತಾನೇ? ಆ ಒಂಬತ್ತು ಗಂಟೆಯೂ ಅವಳು ಕೂರಲಿಲ್ಲ. ಮನೆಯ ಬಟ್ಟೆಗೆಲ್ಲ ಇಸ್ತ್ರಿ ಹಾಕಿದಳು. ಬಟ್ಟೆ ಮುಗಿದ ಮೇಲೆ ಕಿಟಕಿ ಪರದೆಗೆ, ಪರದೆ ಮುಗಿದ ಮೇಲೆ ಕೈಯೊರಸುವ ಬಟ್ಟೆಗೆ. ‘ತಲುಪಿದೆ’ ಎಂದು ನೀನು ಫೋನು ಮಾಡಿದ ಮೇಲೆಯೇ ಗೋಡೆಗೊರಗಿ ಕೂತು ಕಾಲು ಚಾಚಿದ್ದು.

ಅಪ್ಪನನ್ನು ಕೇಳಿದ್ದು ನಿನ್ನೆ, ಮನೆಯಲ್ಲಿ. ಮೂವತ್ತೊಂದು ವರ್ಷ ಈ ಕೋಣೆಯ ಅದೇ ಮೇಜಿನ ಹಿಂದೆ ಕೂತವರು, ಈ ತಿಂಗಳ ಕೊನೆಗೆ ನಿವೃತ್ತರಾಗಿ ಏಳುವವರು. ಯಂತ್ರದ ವಿಷಯ ಎತ್ತಿದರೆ ಅವರಿಗೆ ಮೈಯೆಲ್ಲ ಉರಿ. ಪೆನ್ನಿನ ಮುಚ್ಚಳ ಹಾಕಿ, ನನ್ನ ಮುಖ ನೋಡಿ, ನಾನು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು: ‘ಕಳಿಸೋದು ಅಂದ್ರೆ ಕೈ ಬಿಡೋದಲ್ಲಮ್ಮ. ಆ ಕಡೆಯವರು ಹಿಡ್ಕೊಳ್ಳೋವರೆಗೂ ಈ ತುದಿ ಹಿಡ್ಕೊಂಡಿರೋದು.’ ನಾನು ಬರೆದುಕೊಂಡೆ. ಎರಡು ಪುಟದಲ್ಲಿ ಅದೊಂದೇ ನನ್ನ ಕುಚೇಷ್ಟೆ ಸೇರದ ವಾಕ್ಯ.

ನಿಘಂಟಿನಲ್ಲಿ ಈ ಪದದ ಸಂಸಾರ ದೊಡ್ಡದು, ಅಕ್ಕಾ. ಬಾಲ ಬದಲಾದರೆ ಬುದ್ಧಿಯೂ ಬದಲಾಗುತ್ತದೆ. ‘ಬ್ಯಾಕ್’ ಕಟ್ಟಿದರೆ ವಾಪಸ್ಸು, ‘ಅವೇ’ ಕಟ್ಟಿದರೆ ಓಡಿಸು (ಅಂದರೆ ನನ್ನ ಚೀಟಿ ಅಷ್ಟೇನೂ ತಪ್ಪಲ್ಲ, ಇದನ್ನು ವಿವರಣೆಯಲ್ಲಿ ಸೇರಿಸುವ ಧೈರ್ಯವಾಗಲಿಲ್ಲ). ‘ಆಫ್’ ಕಟ್ಟಿದರೆ ಬೀಳ್ಕೊಡುಗೆ. ಅಪ್ಪನಿಗೆ ತಿಂಗಳ ಕೊನೆಗೆ ಮಾಡಬೇಕೆಂದಿರುವ ಸೆಂಡಾಫ್ ಅದೇ. ಅವರು ಬೇಡ ಎನ್ನುತ್ತಿದ್ದಾರೆ. ಯಾಕೆ ಎಂದರೆ, ತಾವು ಯಾರಿಗೂ ಮಾಡದ್ದನ್ನು ತಮಗೆ ಮಾಡಿಸಿಕೊಳ್ಳಬಾರದಂತೆ. ಯಾರನ್ನು ನೆನೆದು ಹೇಳಿದರು ಎಂದು ನಿನಗೂ ಗೊತ್ತು. ನೀನು ಈ ಕೋಣೆಯ ಈ ಸ್ಟೂಲು ಬೇಡವೆಂದು, ಅಪ್ಪ ತಮ್ಮ ಕೈಯಾರೆ ತುಂಬಿಟ್ಟ ಅರ್ಜಿಯನ್ನು ಮೇಜಿನ ಮೇಲೇ ಬಿಟ್ಟು, ಗಾಜಿನ ಕಾರ್ಖಾನೆಗೆ ಹೊರಟ ದಿನ ಅವರು ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ‘ಅವಳು ಹೋಗಿದ್ದು, ನಾನು ಕಳಿಸಿದ್ದಲ್ಲ’ ಎಂದರು. ‘ಊಟ ಕಟ್ಟಿಕೊಟ್ಟಿದ್ದು ನಾನು, ಹಾಗಾದ್ರೆ ಕಳಿಸಿದ್ದು ನಾನೇ ಅಂತ ಬರ್ಕೊಳ್ಳಿ’ ಎಂದಳು ಅಮ್ಮ. ಇಷ್ಟು ನೀನೂ ಕೇಳಿದ್ದೀಯ. ನಿನಗೆ ತಿಳಿಯದ್ದು ಅರಗಣ್ಣ ನನಗೆ ಹೇಳಿದ್ದು. ಆ ಮಧ್ಯಾಹ್ನ ಅಪ್ಪ ಒಂದೇ ಚೀಲಕ್ಕೆ ಮೂರು ಸಲ ಮುದ್ರೆ ಹಾಕಿಸಿದರಂತೆ. ಮುದ್ರೆ ಸರಿಯಿಲ್ಲ, ಇನ್ನೊಮ್ಮೆ, ಇನ್ನೊಮ್ಮೆ. ಹಾಕಿಸುವಾಗ ನಿಂತಿದ್ದು ಚೀಲದ ಹತ್ತಿರವಲ್ಲ, ಆ ಮೂಲೆಯ ಕಿಟಕಿಯ ಹತ್ತಿರ. ಆ ಕಿಟಕಿಯಿಂದ ಬಸ್‌ಸ್ಟ್ಯಾಂಡಿನ ಹೊರದಾರಿ ಕಾಣುತ್ತದೆ. ಈಗಷ್ಟೇ ಹೋಗಿ ನೋಡಿಬಂದೆ, ಬಸ್ಸಿನ ನೆತ್ತಿ ಮಾತ್ರ ಕಾಣುತ್ತದೆ. ನೆತ್ತಿಯಷ್ಟನ್ನೇ ನೋಡಲು ಮೂರು ಮುದ್ರೆ.

ಇನ್ನೊಂದು ಬಾಲವಿದೆ, ‘ಫಾರ್’. ಅದನ್ನು ಕಟ್ಟಿದರೆ ಕಳಿಸುವ ಪದವೇ ಕರೆಸುವ ಪದವಾಗಿಬಿಡುತ್ತದೆ. ಅದನ್ನೂ ಅಪ್ಪನಿಗೆ ಓದಿ ಹೇಳಿದೆ. ಮುಚ್ಚಳ ಹಾಕಿದ ಪೆನ್ನಿಗೆ ಇನ್ನೊಮ್ಮೆ ಮುಚ್ಚಳ ಹಾಕಲು ನೋಡಿದರು.

ಇನ್ನು, ಅಕ್ಕನವರೇ, ತಮ್ಮ ಮೇಲಿನ ಆರೋಪಪಟ್ಟಿಯನ್ನು ಓದುವ ದುಃಖಕರ ಕರ್ತವ್ಯ ನನ್ನ ಪಾಲಿಗೆ ಬಂದಿದೆ. ಎದ್ದು ನಿಲ್ಲತಕ್ಕದ್ದು. ಅಪ್ಪ ಮನೆಯಲ್ಲೂ ಒಂದು ರವಾನೆ ಪುಸ್ತಕ ಇಟ್ಟಿರುವುದು ತಮಗೆ ತಿಳಿದದ್ದೇ: ಪೆನ್ಸಿಲಿನಲ್ಲಿ ಗೆರೆ ಹಾಕಿದ್ದು, ನಾವು ಚಿಕ್ಕವರಿದ್ದಾಗ ಶಾಲೆಗೆ ಬರೆದ ರಜಾಚೀಟಿ ಕೂಡ ಅದರಲ್ಲಿ ದಾಖಲು. ಐವತ್ಮೂರು ದಿನದ ಹಿಂದೆ ಅದರಲ್ಲೊಂದು ಹೊಸ ಸಾಲು ಸೇರಿತು. ಯಾರಿಗೆ ಎಂಬಲ್ಲಿ ‘ದೊಡ್ಡವಳಿಗೆ’, ವಿಷಯ ಎಂಬಲ್ಲಿ ‘ಸ್ವಂತ’. ನಾಲ್ಕು ರಾತ್ರಿ ಬರೆದು ಹರಿದು, ಐದನೆಯ ಬೆಳಿಗ್ಗೆ ಗೋಂದು ಹಾಕಿ ಮುಚ್ಚಿದ ಕಾಗದ ಅದು. ಆಮೇಲೆ ನನ್ನನ್ನೂ ಅಮ್ಮನನ್ನೂ ನಿಲ್ಲಿಸಿ ಕಟ್ಟಪ್ಪಣೆ ಮಾಡಿದರು: ಕಾಗದ ಬಂತಾ ಎಂದು ಯಾರೂ ನಿನ್ನನ್ನು ಫೋನಿನಲ್ಲಿ ಕೇಳಕೂಡದು. ಕೇಳಿ ಪಡೆದ ಉತ್ತರ ಉತ್ತರವಲ್ಲವಂತೆ. ಹಾಗಾಗಿ ಪ್ರತಿ ಭಾನುವಾರ ನೀನು ಅಮ್ಮನನ್ನು ‘ಅಪ್ಪ ಏನಾದ್ರೂ ಹೇಳಿದ್ರಾ?’ ಎಂದು ಕೇಳುವುದು, ಅಮ್ಮ ‘ಏನಿಲ್ಲ’ ಎನ್ನುವುದು, ಅಪ್ಪ ಪಕ್ಕದ ಕೋಣೆಯಲ್ಲಿ ಪತ್ರಿಕೆಯ ಒಂದೇ ಪುಟ ಹಿಡಿದು ಕೂತಿರುವುದು. ಎಂಟು ಭಾನುವಾರ ನಾನು ಇದನ್ನು ನೋಡಿದ್ದೇನೆ. ಕಾಗದ ದಾರಿಯಲ್ಲಿ ತಪ್ಪಿರಬಹುದು ಎಂದು ಅಮ್ಮ ಒಮ್ಮೆ ಬಾಯಿಬಿಟ್ಟಳು. ‘ವಿಳಾಸ ತಪ್ಪಿದ್ರೆ ವಾಪಸ್ ಬರ್ತಿತ್ತು. ಬಂದಿಲ್ಲ. ನನ್ನ ಕೈಯಿಂದ ಹೋದ ಒಂದು ಕಾಗದಾನೂ ಇವತ್ತಿನವರೆಗೆ ಕಳೆದಿಲ್ಲ’ ಎಂದರು. ಅಂದರೆ ನಿನಗೆ ತಲುಪಿದೆ, ನೀನು ಓದಿದ್ದೀಯ, ಓದಿ ಸುಮ್ಮನಿದ್ದೀಯ. ಅಪ್ಪನ ಮೂವತ್ತೊಂದು ವರ್ಷವೇ ನಿನ್ನ ವಿರುದ್ಧ ಸಾಕ್ಷಿ.

ಯಾವ ಕಾಗದ ಎಂದು ನೀನು ಹುಬ್ಬೇರಿಸುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ತಾಳು. ಮೊದಲು ಕಚೇರಿಯ ನಿಯಮ ಕೇಳು. ಅರವತ್ತು ದಿನ ಉತ್ತರ ಬಾರದ ಕಾಗದದ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ಮುಕ್ತಾಯ’ ಎಂದು ಬರೆಯುತ್ತಾರೆ. ಮತ್ತೆ ಆ ವಿಷಯದಲ್ಲಿ ಇಲ್ಲಿಂದ ಪತ್ರ ಹೋಗುವುದಿಲ್ಲ. ಮನೆಯ ಪುಸ್ತಕಕ್ಕೂ ಅಪ್ಪನದು ಅದೇ ನಿಯಮ, ಬರುವ ಸೋಮವಾರಕ್ಕೆ ಅರವತ್ತು. ನಿನ್ನೆ ಸಂಜೆ ಅಪ್ಪ ಮನೆಯಲ್ಲಿ ಕೆಂಪು ಪೆನ್ನನ್ನು ಹಳೆಯ ಕಾಗದದ ಮೇಲೆ ಗೀಚಿ ನೋಡುತ್ತಿದ್ದರು. ಶಾಯಿ ಬರುತ್ತಿದೆಯೇ ಎಂದು. ಬಂತು. ಪೆನ್ನನ್ನು ರವಾನೆ ಪುಸ್ತಕದ ಪಕ್ಕಕ್ಕೆ ಇಟ್ಟರು. ನನಗೆ ಏನಾದರೊಂದು ತಮಾಷೆ ಮಾಡಬೇಕೆನಿಸಿತು, ಒಂದೂ ಹೊಳೆಯಲಿಲ್ಲ.

ಆದ್ದರಿಂದ ಈ ನ್ಯಾಯಪೀಠದ ತೀರ್ಪು: ಇದು ಗುರುವಾರ ನಿನ್ನ ಕೈ ಸೇರುತ್ತದೆ. ಸೀಸೆಗಳು ಒಂದು ಗಂಟೆ ತಮ್ಮ ಬಿರುಕುಗಳೊಂದಿಗೆ ಸುಖವಾಗಿರಲಿ. ನೀನು ಕೂತು ಅಪ್ಪನಿಗೆ ನಾಲ್ಕು ಸಾಲು ಬರೆದು ಅವತ್ತೇ ಅಂಚೆಗೆ ಹಾಕು. ಫೋನು ಮಾಡಬೇಡ, ಬರೆ. ಅವರು ಪುಸ್ತಕದ ‘ಉತ್ತರ ಬಂದದ್ದು’ ಎಂಬ ಖಾಲಿ ಕಾಲಮ್ಮಿನಲ್ಲಿ ತಾರೀಕು ತುಂಬಬೇಕು, ಅದಿಲ್ಲದೆ ಅವರಿಗೆ ಯಾವುದೂ ನಿಜವಲ್ಲ. ಸೆಂಡಾಫಿಗೆ ರಜೆ ಸಿಗುತ್ತದೆಯೇ ಎಂಬುದನ್ನೂ ಬರೆ.

ಕಣ್ಣು ಜೋಪಾನ. ಅಮ್ಮನ ಆಶೀರ್ವಾದ, ಅರಗಣ್ಣನ ಹೆಬ್ಬೆರಳಿನ ನಮಸ್ಕಾರ. ನಿನ್ನ ಚಪ್ಪಲಿಗಳೂ ನಿನ್ನನ್ನು ಕೇಳಿದವು, ಎಡಗಾಲಿನದು ಸ್ವಲ್ಪ ಬಾಯಿಬಿಟ್ಟೇ ಕೇಳಿತು.

ಇತಿ, ತಮ್ಮ ಪಾದರಕ್ಷೆಗಳ ಹಾಲಿ ಉಸ್ತುವಾರಿ,
ತಂಗಿ

ತಾ.ಕ.: ಅಪ್ಪ ಊಟ ಮುಗಿಸಿ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದೆ, ಬೇಗ ಬರೆದುಬಿಡುತ್ತೇನೆ. ಮನೆಯ ರವಾನೆ ಪುಸ್ತಕದ ಆ ಸಾಲಿನಲ್ಲಿ ‘ಯಾರ ಕೈಯಲ್ಲಿ ಕಳಿಸಿದ್ದು’ ಎಂಬ ಕಾಲಮ್ಮಿದೆ. ಅದರಲ್ಲಿರುವ ರುಜು ನನ್ನದು. ಡಬ್ಬಿಗೆ ಹಾಕಲು ಹೊರಟವಳನ್ನು ಆಯ್ತಾ ಸಾರ್ ಚೀಟಿ ಬರೆ ಎಂದು ತಡೆದರು. ನಿಘಂಟು ತೆಗೆದಾಗ ಗುರುತಿಟ್ಟೆ ಎಂದೆನಲ್ಲ, ಕೈಯಲ್ಲಿದ್ದದ್ದು ಅದೊಂದೇ ಲಕೋಟೆ. ಆಮೇಲೆ ಎಲ್ಲರೂ ನಕ್ಕರು, ನಾನು ಇನ್ನೂ ಜೋರಾಗಿ ನಕ್ಕೆ, ನಿಘಂಟು ಅಲ್ಮೇರಾದ ಮೇಲೆ ಹೋಯಿತು. ಸಂಜೆ ಅಪ್ಪ ಹಾಕಿದೆಯಾ ಎಂದಾಗ ಹೂಂ ಎಂದು ರುಜು ಹಾಕಿದೆ. ನಿಜವಾಗಿ ಹಾಕಿದ್ದೇನೆಂದೇ ಅಂದುಕೊಂಡಿದ್ದೆ. ನಿನ್ನೆ ಅಪ್ಪನಿಗೆ ಓದಿ ಹೇಳಿದ್ದು ಮನೆಯ ಪುಟ್ಟ ನಿಘಂಟಿನಿಂದ. ಉಳಿದ ಅರ್ಥಗಳಿಗೆಂದು ಈ ದೊಡ್ಡದನ್ನು ಇಳಿಸಿದ್ದು ಇವತ್ತು ಬೆಳಿಗ್ಗೆ, ಲಕೋಟೆ ಆ ಪುಟದಲ್ಲೇ ಇತ್ತು. ಐವತ್ಮೂರು ದಿನ ಎಲ್ಲರಿಗಿಂತ ಮೊದಲು ನಿನ್ನ ಮೇಲೆ ಮುನಿಸಿಕೊಂಡವಳು ನಾನೇ. ಅಪ್ಪನ ಕಾಗದವನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ, ತೆರೆದಿಲ್ಲ. ಇದನ್ನು ನಾನು ಡಬ್ಬಿಗೆ ಹಾಕುವುದಿಲ್ಲ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅಪ್ಪನ ಕೈಗೇ ಕೊಡುತ್ತೇನೆ. ಅವರು ತೂಕ ನೋಡಿ, ಇಷ್ಟು ಭಾರ ಏನಿದೆ ಒಳಗೆ ಎಂದು ಕೇಳಿಯೇ ಕೇಳುತ್ತಾರೆ. ಹೇಳುತ್ತೇನೆ. ಇದು ನಿನಗೆ ತಲುಪಿದ್ದರೆ ಹೇಳಿದೆನೆಂದು ತಿಳಿ. ತಲುಪದಿದ್ದರೆ, ನಾನಿನ್ನೂ ತಕ್ಕಡಿಯ ಮುಂದೆ ಇದನ್ನು ಹಿಡಿದುಕೊಂಡೇ ನಿಂತಿದ್ದೇನೆ.