ಕ್ಯಾಸೆಟ್ ಡಬ್ಬಿಯೊಳಗಿನ ಸಹಿ

ಮಲಾಡ್, ಮುಂಬಯಿ
9-2-1992, ಭಾನುವಾರ

ಕೇಶವನಿಗೆ,

ನಿನ್ನ ಸೋದರತ್ತೆಯ ಮಗಳು ಶಾಮಲಾ ಬರೆಯುವುದು. ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ; ಯಾವ ಶಾಮಲಾ ಎಂದು ನೀನು ಯೋಚಿಸುತ್ತಾ ಕೂರಬಾರದಲ್ಲ.

ಗುರುವಾರ ನಿನ್ನ ಮದುವೆಯ ಕಾಗದ ಬಂತು. ಅದರ ಅಂಚಿನಲ್ಲಿ ನಿನ್ನ ಅಮ್ಮ, ರಮಾಮಣಿ ಅತ್ತೆ, ತಾವೇ ಎರಡು ಸಾಲು ಬರೆದಿದ್ದಾರೆ: "ಹಳೆಯದನ್ನೆಲ್ಲ ನಾವು ಕ್ಷಮಿಸಿದ್ದೇವೆ. ಸುಬ್ಬಲಕ್ಷ್ಮಿ, ಮಗಳನ್ನು ಕರೆದುಕೊಂಡು ಬಾ." ಅಮ್ಮ ಓದಿ ದೇವರ ಮುಂದೆ ಇಟ್ಟಳು. ನಾನು ತೆಗೆದು ಇನ್ನೊಮ್ಮೆ ಓದಿದೆ. ಕ್ಷಮಿಸಿದ್ದಾರಂತೆ! ಆ ಒಂದು ಮಾತು ಇಲ್ಲದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಚೆಂಬೂರಿಗೆ, ತನ್ನ ಅಣ್ಣನ ಮನೆಗೆ ಬಂದಳು. ಅವಳಿಗೆ ನಿಮ್ಮ ಅಡುಗೆಮನೆ ಸಿಕ್ಕಿತು. ಮಾವ ಮಸ್ಕತ್‌ನಿಂದ ತರಿಸಿದ ಟಿವಿ ಗೇಮ್ ನಿನಗೆ ಸಿಕ್ಕಿತು. ನಾನು ಅದನ್ನು ಮುಟ್ಟಬಾರದಿತ್ತು. ಮುಟ್ಟಿದೆ. ನೀವೆಲ್ಲ ಹೊರಗೆ ಹೋದ ಮಧ್ಯಾಹ್ನಗಳಲ್ಲಿ ಗುಹೆಯ ಆಟದ ಕ್ಯಾಸೆಟ್ ಹಾಕಿ ಆಡುತ್ತಿದ್ದೆ. ನೀನು ಮೂರನೆಯ ಗುಹೆಯಲ್ಲೇ ಸಾಯುತ್ತಿದ್ದೆ, ನಾನು ಒಂಬತ್ತು ದಾಟಿದ್ದೆ. ಅಂದು ಬಾಯಿಬಿಡಲಾಗದ್ದನ್ನು ಇಂದು ಹೇಳುತ್ತಿದ್ದೇನೆ.

ಆ ಕ್ಯಾಸೆಟ್ ಕಾಣೆಯಾದಾಗ ಮಾವ ಎಲ್ಲರನ್ನೂ ಹಾಲ್‌ನಲ್ಲಿ ನಿಲ್ಲಿಸಿ ಕೇಳಿದರು. "ನಂಗೇನ್ ಗೊತ್ತು? ಶಾಮಲಾನೇ ಕದ್ದು ಆಡ್ತಿರ್ತಾಳೆ" ಅಂದೆ ನೀನು. ಮುಟ್ಟಿಲ್ಲ ಎಂದರೆ ಸುಳ್ಳಾಗುತ್ತಿತ್ತು. ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು ಅವರಿಗೆ. "ಕಳ್ಳೀನ ಮನೇಲಿ ಇಟ್ಕೊಳ್ಳೋಕಾಗಲ್ಲ" ಎಂದರು ಅತ್ತೆ. ವಾರದೊಳಗೆ ನಾವು ಮಲಾಡಿನ ಈ ಚಾಳ್‌ನ ಒಂಟಿ ಕೋಣೆಗೆ ಬಂದೆವು. ನನ್ನ ಹನ್ನೆರಡನೆಯ ಕ್ಲಾಸು ಅರ್ಧಕ್ಕೆ ನಿಂತಿತು. ಅಮ್ಮ ಕಂಡವರ ಮನೆಯಲ್ಲಿ ಚಪಾತಿ ಲಟ್ಟಿಸತೊಡಗಿದಳು.

ಈಗ ನನಗೆ ಟೈಪಿಸ್ಟ್ ಕೆಲಸ ಇದೆ. ಮೊದಲು ಮಾಡಿದ್ದೇನು ಗೊತ್ತೆ? ಹಳೆಯ ಟಿವಿ ಗೇಮ್ ಒಂದನ್ನು ಕೊಂಡೆ. ಯಾರಿಗೂ ಹೆದರದೆ, ಬಾಗಿಲು ತೆರೆದಿಟ್ಟು ಆಡಬೇಕಿತ್ತು. ಗ್ರಾಂಟ್ ರೋಡಿನಲ್ಲಿ ಬಡೇಸಾಬರ ಅಂಗಡಿಯಿದೆ, ಗದಗಿನ ಕಡೆಯವರು. ಹೊಸ ಮಷೀನುಗಳು ಬಂದ ಮೇಲೆ ಈ ಕ್ಯಾಸೆಟ್‌ಗಳನ್ನು ಕೇಳುವವರಿಲ್ಲದೆ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದಾರೆ. ಮೂರು ವಾರದ ಕೆಳಗೆ ಅದನ್ನು ಕೆದಕುತ್ತಿದ್ದಾಗ ಗುಹೆಯ ಆಟ ಕೈಗೆ ಬಂತು. ಡಬ್ಬಿಯ ಮೇಲೆ ಬಿಳಿ ಪೇಂಟಿನಲ್ಲಿ, ಮಾವನ ಕೈಬರಹದಲ್ಲಿ ನಿನ್ನ ಇನಿಷಿಯಲ್: ಕೆ. ಆರ್. ಒಳಗೆ ಒಂದು ಚೀಟಿ.

"ಆ ಚೀಟಿ ಎಲ್ಲಾದಕ್ಕೂ ಇದ್ದದ್ದ ತಂಗಿ," ಎಂದರು ಬಡೇಸಾಬರು. "ಕದ್ದ ಮಾಲು ನನ್ನ ಅಂಗಡ್ಯಾಗ ಬರಬಾರ್ದು ನೋಡು, ಅದಕ್ಕ ತಂದವ್ರ ಸಹಿ ತಗೊಂಡ ಇಟ್ಟಿರ್ತೀನಿ."

ನಿನ್ನ ಸಹಿ. ಚೆಂಬೂರಿನ ವಿಳಾಸ. ಕಾರಿನ ಆಟಕ್ಕೆ ಬದಲಾಯಿಸಿಕೊಂಡಿದ್ದೇನೆ ಎಂದು ನಿನ್ನ ಕೈಬರಹ. ಗೆಳೆಯ ಆಡಲು ಕೊಟ್ಟ ಎಂದು ನಮ್ಮೆದುರು ತೋರಿಸಿದೆಯಲ್ಲ, ಆ ಕಾರಿನ ಆಟ.

ಸಂಜೆ ಚೀಟಿಯನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ನನ್ನ ಮುಖ ನೋಡದೆ, "ಅವತ್ತು ನಾನೂ ನಿನ್ನ ಟ್ರಂಕು ಹುಡುಕಿದ್ದೆ ಕಣೇ" ಅಂದಳು.

ನಾಲ್ಕು ವರ್ಷ, ಕೇಶವ. ಒಂದೇ ಕೋಣೆಯಲ್ಲಿ ಪಕ್ಕದಲ್ಲೇ ಮಲಗುತ್ತಿದ್ದ ನನ್ನ ತಾಯಿಗೂ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗಲಿಲ್ಲ. ಆ ಸಿಟ್ಟನ್ನೂ ನಿನಗೇ ಎತ್ತಿಟ್ಟೆ. ಆ ರಾತ್ರಿ ಕ್ಯಾಸೆಟ್ ಹಾಕಿ ಆಡಿದೆ. ಎರಡನೆಯ ಗುಹೆಯಲ್ಲೇ ಸತ್ತೆ.

"ಬಿಟ್ಬಿಡು, ಅಣ್ಣ ನೊಂದ್ಕೋತಾನೆ" ಎಂದಳು ಅಮ್ಮ. ಬಿಟ್ಟೂಬಿಟ್ಟಿದ್ದೆ. ಆಮೇಲೆ ನಿಮ್ಮ ಕ್ಷಮೆ ಬಂತು.

ಮದುವೆಗೆ ಬರುತ್ತೇವೆ. ಅಮ್ಮನಿಗೆ ಹೊಸ ಸೀರೆ ತಂದಿದ್ದೇನೆ. ಅದಕ್ಕೆ ಮೊದಲು ನೀನು ಈ ಕೋಣೆಗೆ ಬಂದು, ಅವಳ ಮುಂದೆ ನಿಂತು, ಕದ್ದವನು ನಾನೇ ಅನ್ನಬೇಕು. ಅಳಬೇಡ, ನೆಪ ಹೇಳಬೇಡ. ನನ್ನ ಹತ್ತಿರ ಕ್ಷಮೆ ಕೇಳಬೇಡ, ನಾನು ಕೊಡುವುದಿಲ್ಲ. ಬರದಿದ್ದರೆ ಮಂಟಪದಲ್ಲಿ, ನಿನ್ನ ಬೀಗರ ಎದುರಿಗೆ ನಾನೇ ಮಾತಾಡುತ್ತೇನೆ. ಈಗ ನಾನು ತಲೆ ತಗ್ಗಿಸುವವಳಲ್ಲ.

ಇತಿ,
ಶಾಮಲಾ

ಮರೆತಿದ್ದೆ: ಲಕೋಟೆಯ ಮೇಲೆ ನಿನ್ನ ಹೆಸರು ಬರೆಯಲು ಕೈ ಬರಲಿಲ್ಲ. ಮಾವನ ಹೆಸರು ಬರೆದು ಅವರ ಆಫೀಸಿಗೇ ಕಳಿಸುತ್ತಿದ್ದೇನೆ, ಚೀಟಿಯೂ ಒಳಗಿದೆ. ನೀನು ಇದನ್ನು ಓದುತ್ತಿದ್ದೀಯಾದರೆ, ಅವರು ಓದಿ ಮುಗಿಸಿ ನಿನ್ನ ಕೈಗೆ ಕೊಟ್ಟಿದ್ದಾರೆ. ತಲೆ ಎತ್ತಿ ನೋಡು, ಎದುರಿಗೇ ನಿಂತಿರಬೇಕು.