ದೇವಿಯ ಹನ್ನೊಂದು ಸೆಕೆಂಡಿನ ನಗು

ಮಾನ್ಯ ಚಿತ್ರಪರಿಶೀಲನಾಧಿಕಾರಿಗಳೇ,

ಶಂಖಚಕ್ರಧಾರಿಗಳನ್ನು ಪುರಾಣದಲ್ಲಿ ಕಂಡಿದ್ದೆವು. ಕತ್ತರಿಧಾರಿಗಳ ದರ್ಶನ ತಮ್ಮಿಂದ ಆಯಿತು. ನಮ್ಮ ಹಿಂದಿ ಪೌರಾಣಿಕ ಚಿತ್ರದಲ್ಲಿ ದೇವಿ ನಗುವ ಹನ್ನೊಂದು ಸೆಕೆಂಡನ್ನು ತೆಗೆದುಹಾಕಬೇಕೆಂದು ಆಜ್ಞಾಪಿಸಿದ್ದೀರಿ. ಕಾರಣ, ಬಾಯ್ತೆರೆದು ನಗುವುದು ದೈವಗಾಂಭೀರ್ಯಕ್ಕೆ ಕುಂದಂತೆ. ಅದೇ ಚಿತ್ರದಲ್ಲಿ ಅಸುರ ಎರಡು ನಿಮಿಷ ಗಹಗಹಿಸುತ್ತಾನೆ. ಅದಕ್ಕೆ ತಮ್ಮ ತಕರಾರಿಲ್ಲ. ನಗುವಿನ ಗುತ್ತಿಗೆಯನ್ನು ಅಸುರರಿಗೆ ಬರೆದುಕೊಟ್ಟದ್ದು ಯಾವಾಗ, ಸ್ವಾಮೀ? ಮೂರು ಲೋಕ ಗೆದ್ದೆನೆಂದು ಬೀಗುವವನೊಬ್ಬ ಬಂದು ‘ನನ್ನ ದಾಸಿಯಾಗು’ ಎಂದರೆ ದೇವಿ ನಗದೆ, ಅರ್ಜಿ ನಮೂನೆ ತುಂಬಿಕೊಡಬೇಕಿತ್ತೆ?

ತೆರೆಯ ಮೇಲೆ ನಗುವವಳು ನಾಯಕಿ. ಕೇಳಿಸುವುದು ನನ್ನ ಅಕ್ಕನ ನಗು. ನಾಯಕಿ ನಕ್ಕರೆ ಕೆಮ್ಮಿದಂತಿತ್ತು. ಅಕ್ಕ ಇಪ್ಪತ್ತೆರಡು ವರ್ಷಗಳಿಂದ ಕಂಠದಾನ ಮಾಡುತ್ತಿದ್ದಾಳೆ. ಅಳುವ ಕೂಸು, ಕಿರುಚುವ ಗುಂಪು, ಒಮ್ಮೆ ಬಾವಿಗೆ ಬಿದ್ದ ಮೇಕೆ. ಚಿತ್ರಮಂದಿರದಲ್ಲಿ ಮಗಳು ‘ಅಮ್ಮಾ, ಇದರಲ್ಲಿ ನಿನ್ನ ದನಿ ಯಾವ್ದು?’ ಎಂದು ಕೇಳಿದಾಗೆಲ್ಲ ‘ಅಗೋ, ಆ ಗಲಾಟೆ ಒಳಗೆ’ ಎನ್ನುವುದೇ ಅವಳ ಭಾಗ್ಯ. ಅವಳಿಗೆ ಹಿಂದಿ ಬಾರದು. ನಗುವಿಗೆ ವ್ಯಾಕರಣ ಬೇಡವಾದ್ದರಿಂದ, ಮೊದಲ ಬಾರಿಗೆ ಅವಳೊಬ್ಬಳದೇ ದನಿ, ಹಿಂದೆ ಸಂಗೀತವೂ ಇಲ್ಲದೆ.

ಅಕ್ಕ ಸುಳ್ಳು ಅಳು ಅಳುತ್ತಾಳೆ. ಸುಳ್ಳು ನಗು ಮಾತ್ರ ನಗುವುದಿಲ್ಲ. ಚಪ್ಪಲಿ ಕಳಚಿಟ್ಟು ಮೈಕಿನ ಮುಂದೆ ನಿಲ್ಲುತ್ತಾಳೆ. ಆ ಸ್ಟುಡಿಯೋದಲ್ಲಿ ಸಂಭಾಷಣೆ ಓದಿಸುವ ನಾನು ಗಾಜಿನಾಚೆಯಿಂದ ಏನಾದರೂ ಓದಿ ಅವಳನ್ನು ನಗಿಸಬೇಕು. ಅಂದು ನಲವತ್ತು ನಗೆಹನಿ ಓದಿದೆ. ತುಟಿ ಕೂಡ ಅಲುಗಲಿಲ್ಲ.

‘ಎಲ್ಲ ಹಳಸಲು ಕಣೋ. ಹೊಸದಿದ್ರೆ ಓದು, ಇಲ್ಲಾಂದ್ರೆ ಮನೆಗೆ ಹೋಗೋಣ.’

‘ಮೇಡಂ, ನಿರ್ಮಾಪಕರು ಹೊರಗೆ ಕೂತು ಅಳ್ತಿದ್ದಾರೆ,’ ಎಂದ ಧ್ವನಿಮುದ್ರಕ.

‘ಅದನ್ನೂ ರೆಕಾರ್ಡ್ ಮಾಡ್ಕೊಳ್ರಿ. ಮುಂದೆ ಯಾವ್ದಕ್ಕಾದ್ರೂ ಆಗತ್ತೆ.’

ಕೈಗೆ ಸಿಕ್ಕಿದ್ದು, ಚಿತ್ರದ ಕಚ್ಚಾ ಪ್ರತಿ ನೋಡಿ ತಾವು ಕಳಿಸಿದ್ದ ಮೊದಲ ಆಕ್ಷೇಪಣಾ ಪತ್ರ. ಓದಿದೆ: ‘ನಾಲ್ಕು. ಆಕಾಶಮಾರ್ಗದಲ್ಲಿ ಸಂಚರಿಸುವಾಗ ದೇವತೆಗಳ ಕಿರೀಟ ಅಲುಗಾಡತಕ್ಕದ್ದಲ್ಲ. ಐದು. ದೇವಿಯ ವಾಹನವಾದ ಸಿಂಹವು ಆಕಳಿಸತಕ್ಕದ್ದಲ್ಲ.’

‘ಸಿಂಹ...?’ ಎಂದಳು ಅಕ್ಕ. ಅಷ್ಟೇ. ಮುಂದಿನ ಹನ್ನೊಂದು ಸೆಕೆಂಡನ್ನು ತಾವು ಕೇಳಿದ್ದೀರಿ.

ಹೌದು ಮಾನ್ಯರೇ, ಆ ನಗುವಿಗೆ ಪ್ರೇರಣೆ ತಾವು. ಸ್ವಂತ ಕೃತಿಗೇ ಕತ್ತರಿ ಹಾಕುವಷ್ಟು ನಿಷ್ಪಕ್ಷಪಾತವೆ? ಬದಲಿಗೆ ಮುಗುಳ್ನಗೆ ಇರಲಿ ಎಂಬ ತಮ್ಮ ಸಲಹೆಯನ್ನೂ ಅಕ್ಕನಿಗೆ ತಲುಪಿಸಿದೆ. ‘ಮುಗುಳ್ನಗೆಗೆ ಸದ್ದೆಲ್ಲಿಂದ ತರ್ಲೋ?’ ಎಂದಳು. ಮಗಳಿಗೆ ಆಗಲೇ ಹೇಳಿಬಿಟ್ಟಿದ್ದಳು, ಈ ಸಲ ಗಲಾಟೆಯೊಳಗೆ ಹುಡುಕಬೇಕಿಲ್ಲ ಎಂದು.

ಆದ್ದರಿಂದ ನಾವು ಬೇರೆ ನಗು ಕೊಡುವುದಿಲ್ಲ. ಸಿಂಹದ ಬಾಯಿ ಮುಚ್ಚಿಸಿದ್ದೀರಿ, ಇರಲಿ. ಅಕ್ಕನ ಹನ್ನೊಂದು ಸೆಕೆಂಡು ಪೂರ್ತಿಯಾಗಿ, ಒಂದೂ ಕಡಿಮೆಯಾಗದೆ, ತೆರೆಗೆ ಮರಳಬೇಕು. ಇದನ್ನೂ ತಿರಸ್ಕರಿಸುವುದಾದರೆ ಕಾರಣಗಳನ್ನು ಕ್ರಮಾಂಕ ಹಾಕಿ, ವಿವರವಾಗಿ, ಬರಹದಲ್ಲೇ ಕೊಡಿ. ಅಕ್ಕ ಚಪ್ಪಲಿ ಕಳಚಿಟ್ಟು ಮೈಕಿನ ಮುಂದೆ ಕಾದು ನಿಂತಿದ್ದಾಳೆ.

ಇಂತಿ,
ಕಿರೀಟವಿಲ್ಲದ್ದರಿಂದ ಅಲುಗಾಡದೆ ನಿಂತಿರುವ
ಸಂಭಾಷಣೆ ಓದಿಸುವವ