ಅಕ್ಕನ ಪಾಲಿನ ಗಸಗಸೆ ಕೇಕು

ಪಾಟ್ಸ್‌ಡ್ಯಾಮ್
ಭಾನುವಾರ, 4 ಮೇ 2003

ಪ್ರೀತಿಯ ಟ್ರೌಡೆಲ್ ಅಕ್ಕನಿಗೆ,

ನೀನು ಕ್ರಿಸ್‌ಮಸ್ಸಿಗೆ ಕಳಿಸಿದ ಕಾರ್ಡಿಗೆ ಮೇ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನೀನಾದರೂ ಅಚ್ಚಾದ ಶುಭಾಶಯದ ಕೆಳಗೆ ನಿನ್ನ ಹೆಸರು, ಭಾವನ ಹೆಸರು ಬಿಟ್ಟು ಬೇರೆ ಒಂದಕ್ಷರ ಬರೆದಿರಲಿಲ್ಲ. ಯಾವ ವರ್ಷವೂ ಬರೆಯುವುದಿಲ್ಲ. ಅಂಥ ಕಾರ್ಡಿಗೆ ಏನಂತ ಉತ್ತರಿಸುವುದು ಎಂದು ಯೋಚಿಸುವುದರಲ್ಲೇ ಚಳಿಗಾಲ ಮುಗಿಯಿತು. ಊವೆ ಭಾವನ ಮಂಡಿನೋವು ಹೇಗಿದೆ? ಬಂದರಿನ ಹತ್ತಿರ ನಿಮ್ಮ ಹೊಗೆಮೀನಿನ ಅಂಗಡಿಗೆ ಪ್ರವಾಸಿಗರು ಬರತೊಡಗಿದರಾ? ನಾನು ಚೆನ್ನಾಗಿದ್ದೇನೆ. ಹೊಸ ಕನ್ನಡಕ ಬಂದಿದೆ. ಬಾಲ್ಕನಿಗೆ ಒಂದು ಕುರ್ಚಿ ತಂದಿದ್ದೇನೆ. ಅಂಗಡಿಯವನು ಜೋಡಿ ತೆಗೆದುಕೊಳ್ಳಿ ಅಂದ, ಎರಡನೆಯದರಲ್ಲಿ ಯಾರು ಕೂತುಕೊಳ್ಳುತ್ತಾರೆ ಅಂತ ಬೇಡವೆಂದೆ.

ಮುಖ್ಯ ಸುದ್ದಿಯೆಂದರೆ ನಮ್ಮ ಬಾನುಲಿ ಕೇಂದ್ರ ಮುಚ್ಚಿತು. ಮುಚ್ಚಿತು ಅನ್ನಬಾರದಂತೆ, ವಿಲೀನವಾಯಿತು ಅನ್ನಬೇಕಂತೆ. ಪಶ್ಚಿಮ ಬರ್ಲಿನ್ನಿನವರದೂ ಪೂರ್ವದ ನಮ್ಮದೂ ಸೇರಿ ಮೊನ್ನೆ ಒಂದನೇ ತಾರೀಕಿನಿಂದ ಒಂದೇ ಸಂಸ್ಥೆ. ಪ್ರಸಾರ ಕೊಠಡಿಯ ಕೋವಾಲ್ಕೆ ನಿನಗೆ ನೆನಪಿರಬೇಕು, ಈಗ ಪೂರ್ತಿ ಬೋಳುತಲೆ, ನಾಲಿಗೆ ಮಾತ್ರ ಹಾಗೇ ಇದೆ. "ಮದುವೆಯಾಗಿ ಹನ್ನೆರಡು ವರ್ಷ ಆದ್ಮೇಲೆ ಗಂಡ ಹೆಂಡ್ತಿ ಒಂದೇ ಅಡುಗೆಮನೆ ಮಾಡ್ಕೊಂಡಂಗಾಯ್ತು ಕಣಮ್ಮ. ಇನ್ನು ಯಾರ ಪಾತ್ರೆ ಇಟ್ಕೋಬೇಕು, ಯಾರ ಪಾತ್ರೆ ಬಿಸಾಕ್ಬೇಕು ಅನ್ನೋದೇ ಜಗಳ" ಎಂದ. ಹೆಚ್ಚಾಗಿ ಬಿಸಾಡಿದ್ದು ನಮ್ಮ ಪಾತ್ರೆಗಳನ್ನೇ. ನನಗೂ ನಿವೃತ್ತಿ ಕೊಟ್ಟರು. ನನಗೇನೂ ಬೇಜಾರಿಲ್ಲ. ಟೇಪು ಕತ್ತರಿಸಿ ಅಂಟಿಸುವ ಕೆಲಸವನ್ನು ಈಗ ಕಂಪ್ಯೂಟರು ಮಾಡುತ್ತದೆ, ಅದಕ್ಕೆ ಕಾಫಿಯೂ ಬೇಡ.

ಶುರುವಾದಾಗ ಹೇಗಿತ್ತು ನೋಡು. ಬರ್ಲಿನ್ ಗೋಡೆ ಬಿದ್ದು, ಹಳೆಯ ಸರಕಾರದ ರೇಡಿಯೋವನ್ನು ಒಡೆದು ಪ್ರಾಂತ್ಯಕ್ಕೊಂದು ಅಂತ ಹಂಚಿದಾಗ, ನಮ್ಮದೇ ಅಂತ ಒಂದು ಕೇಂದ್ರ ಸಿಕ್ಕಿತೆಂದು ಎಷ್ಟು ಖುಷಿಪಟ್ಟಿದ್ದೆವು. ಪಶ್ಚಿಮದ ರೈನ್ ನದಿಯ ಕಡೆಯಿಂದ ಒಳ್ಳೊಳ್ಳೆ ಕೋಟು ತೊಟ್ಟ ಮೇಲಧಿಕಾರಿಗಳು ಬಂದಿಳಿದರು. ನಮ್ಮ ಹಳ್ಳಿಗಳ ಹೆಸರನ್ನು ಅವರು ಬಾಯಿತುಂಬ ತಪ್ಪಾಗಿ ಹೇಳುವುದು ಕೇಳಿ ನೀನು ಕ್ಯಾಂಟೀನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗ ನೀನು ಮುಖ್ಯ ಉದ್ಘೋಷಕಿ. ಪ್ರಸಾರ ಶುರುವಾಗುವ ಮುಂಚೆ, ಯಂತ್ರ ಕೆಟ್ಟರೆ ಹಾಕಲು ಒಂದು ತುರ್ತು ಟೇಪು ಬೇಕೆಂದು ನಿನ್ನನ್ನೇ ಕೂರಿಸಿದರು. ನಿನಗೆ ನೆಗಡಿಯಾಗಿತ್ತು. "ಸಣ್ಣ ಅಡಚಣೆಯಾಗಿದೆ, ದಯವಿಟ್ಟು ಕ್ಷಮಿಸಿ. ಎಲ್ಲೂ ಹೋಗಬೇಡಿ, ಈಗಲೇ ಬರುತ್ತೇವೆ." ಇಷ್ಟೇ ಮಾತು. ಟೇಪು ತಿರುಗಿಸುತ್ತಿದ್ದವಳು ನಾನು.

ಆಮೇಲೆ ಫೆಬ್ರವರಿ ಬಂತು. ಒಬ್ಬೊಬ್ಬರನ್ನೇ ಒಳಗೆ ಕರೆದು, ಹಳೆಯ ಸರಕಾರದ ಗುಪ್ತ ಪೊಲೀಸರಿಗೆ ಸುದ್ದಿ ಮುಟ್ಟಿಸುತ್ತಿದ್ದಿರಾ ಎಂದು ಮೂವರು ಕೂತು ಕೇಳಿದರು. ನೀನು ಹೌದು ಎಂದೆ. ಅವತ್ತೇ ಹೊರಟುಹೋದೆ. ಇಲ್ಲ ಎಂದ ಕೆಲವರು, ಸಿಕ್ಕಿಬೀಳುವ ತನಕ ಇನ್ನೂ ಎರಡು ಮೂರು ವರ್ಷ ಸಂಬಳ ತಿಂದರು. ನಿನ್ನ ದನಿಯಿರುವ ಟೇಪುಗಳನ್ನೆಲ್ಲ ಅಳಿಸಬೇಕೆಂದು ಆಜ್ಞೆಯಾಯಿತು. ಅಳಿಸುವುದು ನನ್ನ ವಿಭಾಗದ ಕೆಲಸ, ಅಳಿಸಿದೆ. ಆದರೆ ತುರ್ತು ಟೇಪು ನಮ್ಮ ಭಂಡಾರದಲ್ಲಿರಲಿಲ್ಲ, ಕೋವಾಲ್ಕೆಯ ಕೊಠಡಿಯಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ಟೇಪು ಸರಿಯಿದೆಯಾ ಎಂದು ಸೋಮವಾರ ಬೆಳಿಗ್ಗೆ ಒಮ್ಮೆ ಹಾಕಿ ನೋಡುವುದು ಅಲ್ಲಿನ ಪದ್ಧತಿ. ಹೊರಗೆ ಕೇಳಿಸುವುದಿಲ್ಲ, ಕೊಠಡಿಯೊಳಗೆ ಮಾತ್ರ. ಹಾಗಾಗಿ ನಾನು ಸೋಮವಾರದ ಕಾಫಿಯನ್ನು ಕೋವಾಲ್ಕೆಯ ಜೊತೆ ಕುಡಿಯುವುದನ್ನು ರೂಢಿ ಮಾಡಿಕೊಂಡೆ. ನಮ್ಮಿಬ್ಬರ ಮಧ್ಯೆ ಏನೋ ಇದೆ ಅಂತ ಲೆಕ್ಕಪತ್ರದ ಹೆಂಗಸರು ಮಾತಾಡಿಕೊಂಡರು. ಮಾತಾಡಿಕೊಳ್ಳಲಿ ಎಂದು ಸುಮ್ಮನಿದ್ದೆ.

ಹೊರಗೆ ಕೇಳಿಸಿದ್ದು ಅಪರೂಪ. ತೊಂಬತ್ತೇಳರಲ್ಲಿ ಓಡರ್ ನದಿ ಉಕ್ಕಿದಾಗ ನಾವು ಹಗಲು ರಾತ್ರಿ ಪ್ರಸಾರ ಮಾಡಿದೆವು. ಜನಕ್ಕೆ ನಮ್ಮ ಕೇಂದ್ರ ನಿಜವಾಗಿ ಹತ್ತಿರವಾದದ್ದು ಆಗಲೇ. ಒಂದು ಮಧ್ಯಾಹ್ನ ಸಂಪರ್ಕ ಕಡಿದುಹೋಗಿ ನಿನ್ನ ಟೇಪು ಓಡಿತು. ಒಡ್ಡಿನ ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿ, ಎಲ್ಲೂ ಹೋಗಬೇಡಿ ಅಂದಳಲ್ಲ ಆ ಹೆಂಗಸು, ಹಾಗಾದರೆ ನಾವು ಮನೆ ಖಾಲಿ ಮಾಡುವುದೋ ಬೇಡವೋ ಎಂದು ಕೇಳಿದಳಂತೆ. ಮೇಲಧಿಕಾರಿ ಅದು ಯಾರ ದನಿ ಎಂದು ವಿಚಾರಿಸಿದರು. ಕೋವಾಲ್ಕೆ ಕಣ್ಣು ಮಿಟುಕಿಸದೆ, ಯಂತ್ರದ ಜೊತೆಗೇ ಬಂದದ್ದು ಸಾರ್ ಎಂದ.

ಇನ್ನು ಬುಧವಾರದ ಸಂಗತಿ. ಕೆಲಸ ಬಿಟ್ಟು ಹೋಗುವವರು ಕೇಕು ಕೊಟ್ಟು ಹೋಗಬೇಕಲ್ಲ, ಕೊನೆಯ ದಿನ ಹೋಗುವವರೇ ಹೆಚ್ಚಾಗಿ ಕ್ಯಾಂಟೀನಿನ ಮೇಜು ಸಾಲಲಿಲ್ಲ. ಇಷ್ಟು ವರ್ಷ ನನ್ನನ್ನು ಕಂಡಾಗಲೆಲ್ಲ ಕೋವಾಲ್ಕೆ, ನಿಮ್ಮಕ್ಕ ಒಬ್ಬಳೇ ನಮಗೆ ಕೇಕು ಕೊಡದೆ ಹೋದವಳು ಎಂದು ಚುಚ್ಚುತ್ತಿದ್ದ. ಅದಕ್ಕೇ ನಾನು ಅಮ್ಮನ ಗಸಗಸೆ ಕೇಕನ್ನು ಎರಡು ತಟ್ಟೆ ಮಾಡಿಕೊಂಡು ಹೋದೆ. ಒಂದು ನನ್ನದು, ಇನ್ನೊಂದು ಟ್ರೌಡೆಲ್‌ದು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಇಟ್ಟೆ. ಜನ ನನ್ನ ತಟ್ಟೆ ಖಾಲಿ ಮಾಡಿದರು. ನಿನ್ನದರ ಕಡೆ ಒಬ್ಬರೂ ಕೈ ಚಾಚಲಿಲ್ಲ. ಹೊಸಬರಿಗೆ ಟ್ರೌಡೆಲ್ ಯಾರೆಂದು ಗೊತ್ತಿರಲಿಲ್ಲ, ಹಳಬರಿಗೆ ಗೊತ್ತಿತ್ತು. ನನಗೆ ತುಂಬ ಅವಮಾನವಾಯಿತು. ತಟ್ಟೆ ಎತ್ತಿಕೊಂಡು ಮನೆಗೆ ಹೋಗೋಣ ಅನ್ನಿಸಿತು.

ಆಗ ಅನ್ನೆಗ್ರೆಟ್ ಬಂದಳು. ಕ್ಯಾಂಟೀನಿನಲ್ಲಿ ಹೇಳಿದ ಒಂದು ಜೋಕಿಗಾಗಿ ಎಂಬತ್ತರ ದಶಕದಲ್ಲಿ ಅವಳನ್ನು ಮೈಕಿನ ಮುಂದಿನಿಂದ ಎಬ್ಬಿಸಿ ಟೇಪು ಜೋಡಿಸುವುದಕ್ಕೆ ಹಾಕಿದ್ದರಲ್ಲ, ಅದೇ ಅನ್ನೆಗ್ರೆಟ್. ಅವಳ ಮೇಲೆ ಚಾಡಿ ಹೇಳಿದ್ದು ನೀನಲ್ಲ, ಗುಪ್ತ ಪೊಲೀಸರು ತನ್ನ ಮೇಲೆ ಇಟ್ಟಿದ್ದ ಕಡತವನ್ನು ಓದಿ ಅವಳು ತಿಳಿದುಕೊಂಡಿದ್ದಾಳೆ. ಆದರೂ ಅವಳು ಬಂದದ್ದು ನೋಡಿ ಕ್ಯಾಂಟೀನಿನವರೆಲ್ಲ ಇತ್ತ ತಿರುಗಿದರು. ನಿನ್ನ ತಟ್ಟೆಯಿಂದ ಒಂದು ತುಂಡು ತೆಗೆದುಕೊಂಡು, ನಿಧಾನವಾಗಿ ತಿಂದಳು.

"ಗಸಗಸೆ ಕಮ್ಮಿಯಾಯ್ತು ಕಣೇ" ಎಂದಳು.

"ಅಮ್ಮ ಹಾಕ್ತಿದ್ದಷ್ಟೇ ಹಾಕಿದೀನಿ" ಎಂದೆ.

"ನಿಮ್ಮಕ್ಕ ತಾನೇ ಬಂದು ಕೊಟ್ಟಿದ್ರೆ ಎರಡು ತಿಂತಿದ್ದೆ" ಎಂದು ಬೆರಳು ಒರೆಸಿಕೊಂಡು ಹೋದಳು.

ಆಮೇಲೆ ಇನ್ನೂ ಕೆಲವರು ತಿಂದರು. ಕೋವಾಲ್ಕೆ ನಾಲ್ಕು ತುಂಡು ತಿಂದ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅವತ್ತೇ ಸಂಜೆ ಬರ್ಲಿನ್ ಕಡೆಯ ಹೊಸ ತಾಂತ್ರಿಕ ಮುಖ್ಯಸ್ಥೆ ಶ್ರೀಮತಿ ಎಂಗೆಲ್‌ಮನ್ ಪ್ರಸಾರ ಕೊಠಡಿ ನೋಡಲು ಬಂದರು. ಕೋವಾಲ್ಕೆ ಒಂದೊಂದೇ ಒಪ್ಪಿಸುತ್ತ ತುರ್ತು ಟೇಪನ್ನೂ ಹಾಕಿದ. ಆಕೆ ಕೇಳಿ, ಇದರಲ್ಲಿ ಯಾವ ಸಂಸ್ಥೆಯ ಹೆಸರೂ ಇಲ್ಲವಲ್ಲ, ದನಿಯೂ ಚೆನ್ನಾಗಿದೆ, ಇದನ್ನೇ ಇಟ್ಟುಕೊಳ್ಳೋಣ, ಯಾರದು ಎಂದರು. ಕೋವಾಲ್ಕೆ ಸೂರು ನೋಡತೊಡಗಿದ. ನಮ್ಮಕ್ಕನದು ಎಂದು ನಾನೇ ಹೇಳಿದೆ.

"ಅವರು ಯಾಕೆ ಕೆಲಸ ಬಿಟ್ರು?"

"ಒಂದು ಪ್ರಶ್ನೆ ಕೇಳಿದ್ರು. ಅವಳು ನಿಜ ಹೇಳಿದ್ಲು."

ಆಕೆಗೆ ಅರ್ಥವಾಯಿತು, ಹೆಡ್ಡಿಯಲ್ಲ. "ಆದ್ರೂ ಅವರನ್ನ ಒಂದ್ಮಾತು ಕೇಳಿ" ಎಂದರು. ನೀನು ಒಪ್ಪಿದರೆ ಟೇಪು ಉಳಿಯುತ್ತದೆ. ಈ ತಿಂಗಳ ಕೊನೆಯೊಳಗೆ ಉತ್ತರ ಬಾರದಿದ್ದರೆ ಬೇರೆ ಯಾರದಾದರೂ ದನಿ ಹಾಕುತ್ತಾರೆ. ಕೇಳಬೇಕಾದ್ದು ಕೇಳಿದ್ದೇನೆ, ನೀನು ಯೋಚಿಸಿ ಹೇಳು.

ಊವೆ ಭಾವನಿಗೆ ನನ್ನ ನಮಸ್ಕಾರ ಹೇಳು. ನಮ್ಮನ್ನು ದೇವರಿಲ್ಲದ ಶಾಲೆಯಲ್ಲಿ ಓದಿಸಿದರಲ್ಲ, ಹರಸು ಎಂದು ಯಾರನ್ನು ಕೇಳಬೇಕೋ ನನಗೆ ಈಗಲೂ ತಿಳಿಯದು. ನಿಮ್ಮ ಸಮುದ್ರವೇ ನಿಮ್ಮಿಬ್ಬರನ್ನೂ ಬೆಚ್ಚಗೆ ನೋಡಿಕೊಳ್ಳಲಿ, ಬಲೆ ತುಂಬಲಿ, ಮಂಡಿ ನೋಯದಿರಲಿ.

ನಿನ್ನ ತಂಗಿ
ರೋಸ್ವಿಟಾ

ತಾ. ಕ.: ಟೇಪು ಹೋದರೆ ಹೋಗಲಿ ಅಕ್ಕ, ನಾನು ಬರೆಯಲು ಕೂತದ್ದು ಅದಕ್ಕಲ್ಲ. ಅವತ್ತು ನೀನು ಒಳಗೆ ಹೋದಾಗ ನಿನ್ನ ಕೋಟು ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದವಳು ನಾನು. ಗುರುತಿಲ್ಲದ ಮೂವರಿಗೆ ಹೌದು ಎಂದವಳು, ಹೊರಗೆ ಬಂದು ನನ್ನ ಕೈಯಿಂದ ಕೋಟು ತೆಗೆದುಕೊಂಡು, ಗುಂಡಿ ಹಾಕಿಕೊಂಡು, ಒಂದು ಮಾತೂ ಆಡದೆ ಹೋದೆ. ಎಂಬತ್ತಮೂರರಲ್ಲಿ ನಾನೂ ಯೋಹೆನ್‌ನೂ ಗಡಿ ದಾಟಿ ಪಶ್ಚಿಮಕ್ಕೆ ಹೋಗಿ ಮದುವೆಯಾಗುವುದೆಂದು ಇದ್ದೆವಲ್ಲ, ಅದು ಗೊತ್ತಿದ್ದವಳು ನೀನೊಬ್ಬಳೇ. ಹೊರಡುವ ಹಿಂದಿನ ದಿನ ಅವನನ್ನು ಹಿಡಿದರು. ಅವರಿಗೆ ಹೇಳಿದ್ದು ನೀನಾ? ಕಡತಗಳು ತೆರೆದು ಎಷ್ಟೋ ವರ್ಷವಾಯಿತು. ಹೋಗಿ ಓದಿಕೊಂಡು ಬಾರೇ ಎಂದು ಅನ್ನೆಗ್ರೆಟ್ ಹೇಳುತ್ತಲೇ ಇರುತ್ತಾಳೆ. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಹೌದಾದರೂ ಅಲ್ಲವಾದರೂ ಅದು ನಿನ್ನ ಬಾಯಿಂದಲೇ ಬರಬೇಕು. ಇಷ್ಟು ವರ್ಷ ಸೋಮವಾರ ಸೋಮವಾರ ನೀನು ಕ್ಷಮಿಸಿ ಅನ್ನುವುದನ್ನು ಕೇಳಿಸಿಕೊಂಡಿದ್ದೇನೆ. ಅದು ಊರಿಗೆಲ್ಲ ಹೇಳಿದ್ದು, ನನಗಲ್ಲ. ನಿನ್ನ ಪಾಲಿನ ಕೇಕಿನಲ್ಲಿ ಒಂದು ತುಂಡನ್ನು ಕೆಡದಂತೆ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಕಾಗದ ನಿನ್ನ ಕೈ ಸೇರುವಾಗ ಬುಧವಾರವಾದೀತು. ಅದರ ಮುಂದಿನ ಸೋಮವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಫೋನ್ ನಂಬರು ಹಳೆಯದೇ.